ಕಾನೂನು ಪ್ರಶ್ನೋತ್ತರ: ಮರ ಕಡಿಯುವುದು ‘ಎಲ್ಲಿ’, ಮರ ಕಡಿಯುವುದು ‘ಹೇಗೆ’

ಸ್ಥಳೀಯ ಸರ್ಕಾರಗಳ ಅಧಿಕಾರದ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆಯುವಾಗ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಮೊಕದ್ದಮೆಯನ್ನು ಒಂದೇ ವಾಕ್ಯದಲ್ಲಿ ಪ್ರಸ್ತಾಪಿಸಿ ಮುಂದೆ ಹೋಗಿದ್ದೆ: ‘ಕೌಂಟಿಗಳು ಮರಕಡಿತವನ್ನು ನಿಯಂತ್ರಿಸಕೂಡದೆಂದು ರಾಜ್ಯದ ಕಾನೂನೇ ಬಾಯಿಬಿಟ್ಟು ಹೇಳಿದ್ದರೂ ಅಲ್ಲಿ ಗೆದ್ದದ್ದು ಕೌಂಟಿಯೇ.’ (ಕೌಂಟಿ ಎಂದರೆ ರಾಜ್ಯದೊಳಗಿನ, ನಮ್ಮ ಜಿಲ್ಲೆಯನ್ನು ಹೋಲುವ ಸ್ಥಳೀಯ ಆಡಳಿತ ಘಟಕ.) ಹಾಗೆ ಒಂದು ಒಗಟು ಇಟ್ಟು ನಡೆದುಬಿಡುವುದು ಸರಿಯಲ್ಲ ಎಂದು ಕೆಲವರು ಪ್ರೀತಿಯಿಂದಲೂ ಒಬ್ಬಿಬ್ಬರು ಸಿಟ್ಟಿನಿಂದಲೂ ಬರೆದಿದ್ದಾರೆ. ಆಕ್ಷೇಪ ನ್ಯಾಯವಾದದ್ದು. ಈ ಸಲದ ಪುಟಗಳನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ರಾಜ್ಯದ ಕಾನೂನು ಸ್ಪಷ್ಟವಾಗಿ ಬೇಡವೆಂದಿರುವಾಗ ಕೌಂಟಿಯ ಕಟ್ಟಳೆ ಊರ್ಜಿತವಾಗುವುದು ಹೇಗೆ? ಆ ಪ್ರಕರಣದ ವಿವರವನ್ನೂ ನ್ಯಾಯಾಲಯದ ತರ್ಕವನ್ನೂ ತಿಳಿಸುವಿರಾ?

ಉತ್ತರ: ಪ್ರಕರಣದ ಹೆಸರು ಬಿಗ್ ಕ್ರೀಕ್ ಲಂಬರ್ ಕಂಪನಿ ವಿರುದ್ಧ ಸಾಂತಾ ಕ್ರೂಜ್ ಕೌಂಟಿ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅದನ್ನು ತೀರ್ಮಾನಿಸಿದ್ದು 2006ರಲ್ಲಿ. ತೀರ್ಪಿಗೆ ಹೋಗುವ ಮುಂಚೆ ನೆಲವನ್ನು ಸ್ವಲ್ಪ ನೋಡಿಕೊಳ್ಳೋಣ, ಏಕೆಂದರೆ ಈ ಜಗಳ ಹುಟ್ಟಿದ್ದು ಆ ನೆಲದ ಸ್ವಭಾವದಿಂದ. ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಇಳಿದರೆ, ಒಂದು ಮಗ್ಗುಲಲ್ಲಿ ಸಿಲಿಕಾನ್ ಕಣಿವೆಯ ಕಚೇರಿಗಳು, ಇನ್ನೊಂದು ಮಗ್ಗುಲಲ್ಲಿ ಪೆಸಿಫಿಕ್ ಸಮುದ್ರ. ನಡುವೆ ಸಾಂತಾ ಕ್ರೂಜ್ ಬೆಟ್ಟಸಾಲು. ಅಲ್ಲಿಯ ಮುಖ್ಯ ಮರ ಕರಾವಳಿಯ ರೆಡ್‌ವುಡ್. ರಾಜ್ಯದ ಮೊದಲ ಸರ್ಕಾರಿ ಉದ್ಯಾನವಾದ ಬಿಗ್ ಬೇಸಿನ್ 1902ರಲ್ಲಿ ಇದೇ ಬೆಟ್ಟಗಳಲ್ಲಿ ಆಯಿತು. ರೆಡ್‌ವುಡ್ಡಿಗೆ ಒಂದು ಗುಣವಿದೆ: ಕಡಿದ ಬುಡದ ಸುತ್ತ ಅದು ಮತ್ತೆ ಚಿಗುರುತ್ತದೆ. ಹಳೆಯ ಕೂಳೆಯನ್ನು ನಡುವೆ ಇಟ್ಟುಕೊಂಡು ಮರಿಮರಗಳು ಬಳೆಯಂತೆ ನಿಂತಿರುವುದನ್ನು ಆ ಕಾಡುಗಳಲ್ಲಿ ಎಲ್ಲೆಂದರಲ್ಲಿ ಕಾಣಬಹುದು. ಆದ್ದರಿಂದ ಅಲ್ಲಿ ಒಮ್ಮೆ ಕಡಿದ ಕಾಡು ಮುಗಿದ ಕಾಡಲ್ಲ. ಕೆಲವು ದಶಕ ಬಿಟ್ಟರೆ ಅದೇ ಜಮೀನಿನಲ್ಲಿ ಇನ್ನೊಂದು ಕಟಾವು ಸಿಗುತ್ತದೆ. ಕಡಿದ ಕಾಡು ಹೀಗೆ ಮತ್ತೆ ಬೆಳೆಯುವ ಹೊತ್ತಿಗೆ ಅದರ ನಡುನಡುವೆ ಮನೆಗಳೂ ಎದ್ದಿದ್ದವು. ಮರದ ಒಡೆಯನಿಗೆ ಅದು ಬೆಳೆ, ಪಕ್ಕದ ಮನೆಯವನಿಗೆ ಅದು ನೆರಳು, ನೀರಿನ ಮೂಲ, ಕಿಟಕಿಯ ಆಚೆಯ ನೋಟ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

1999ರಲ್ಲಿ ಕೌಂಟಿಯ ಐವರು ಮೇಲ್ವಿಚಾರಕರ ಮಂಡಳಿ ಕೆಲವು ಆರ್ಡಿನೆನ್ಸ್‌ಗಳನ್ನು ಜಾರಿಗೆ ತಂದಿತು. (ಇಲ್ಲೊಂದು ಮಾತು: ನಮ್ಮ ಪತ್ರಿಕೆಗಳಲ್ಲಿ ಆರ್ಡಿನೆನ್ಸ್ ಎಂದರೆ ಸುಗ್ರೀವಾಜ್ಞೆ, ಅಲ್ಲಿ ಅದು ಸ್ಥಳೀಯ ಸಂಸ್ಥೆ ತನ್ನ ಎಲ್ಲೆಯೊಳಗೆ ಮಾಡಿಕೊಳ್ಳುವ ಸಾಮಾನ್ಯ ಕಟ್ಟಳೆ. ಈ ಗೊಂದಲದಿಂದಲೇ ಒಬ್ಬ ಓದುಗರು ರಾಜ್ಯಪಾಲರನ್ನು ಈ ಮೊಕದ್ದಮೆಗೆ ಎಳೆದು ತಂದಿದ್ದಾರೆ.) ಸುಪ್ರೀಂ ಕೋರ್ಟಿನ ಮುಂದೆ ನಿಂತದ್ದು ಎರಡು ಕಟ್ಟಳೆಗಳು. ಒಂದು, ಮಾರಾಟಕ್ಕಾಗಿ ಮರ ಕಡಿಯುವುದನ್ನು ಕೆಲವು ನಿರ್ದಿಷ್ಟ ಭೂವಲಯಗಳಿಗೆ ಮಾತ್ರ ಸೀಮಿತಗೊಳಿಸಿದ್ದು. ಇನ್ನೊಂದು, ದಿಮ್ಮಿ ಸಾಗಿಸುವ ಹೆಲಿಕಾಪ್ಟರುಗಳ ಕಾರ್ಯಾಚರಣೆ ಯಾವ ಜಮೀನುಗಳಲ್ಲಿ ನಡೆಯಬಹುದು ಎಂಬುದಕ್ಕೆ ಮಿತಿ ಹಾಕಿದ್ದು. ಕಂಪನಿಯೂ ಕಾಡಿನ ಒಡೆಯರ ಸಂಘವೂ ಇವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು.

ಅವರ ಕೈಯಲ್ಲಿದ್ದ ಅಸ್ತ್ರ ಸಣ್ಣದೇನಲ್ಲ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕಾಡಿನ ಕಟಾವನ್ನು ಆಳುವುದು 1973ರ ಅರಣ್ಯ ಪದ್ಧತಿ ಕಾಯ್ದೆ. ಶಾಸನಸಭೆಯಲ್ಲಿ ಅದನ್ನು ಮಂಡಿಸಿದ ಇಬ್ಬರ ಹೆಸರಿನಿಂದ ಅದನ್ನು ಜ಼ೆಡ್‌ಬರ್ಗ್-ನೆಜೆಡ್ಲಿ ಕಾಯ್ದೆ ಎನ್ನುತ್ತಾರೆ. ಅದರ ಒಂದು ಕಲಮಿನ ಪ್ರಕಾರ ಕೌಂಟಿಗಳು ಮರಕಡಿತದ ಕೆಲಸದ ‘ಕಾಂಡಕ್ಟ್’ ಅನ್ನು ನಿಯಂತ್ರಿಸುವಂತಿಲ್ಲ, ಆ ಕೆಲಸಕ್ಕೆ ಪರವಾನಗಿ ಪಡೆಯಬೇಕೆಂದು ಹೇಳುವಂತೆಯೂ ಇಲ್ಲ. ಈ ‘ಕಾಂಡಕ್ಟ್’ ಎಂಬ ಶಬ್ದದ ಮೇಲೆಯೇ ಇಡೀ ಮೊಕದ್ದಮೆ ನಿಂತಿತು. ನಾನು ಆ ಕಲಮನ್ನು ಕನ್ನಡಕ್ಕೆ ತರಲು ಕುಳಿತಾಗ ನನಗೆ ಒಂದು ಫಜೀತಿಯಾಯಿತು. ‘ಕೌಂಟಿಗಳು ಮರಕಡಿತ ನಡೆಸುವುದನ್ನು ನಿಯಂತ್ರಿಸಕೂಡದು’ ಎಂದು ಬರೆದರೆ ಕಂಪನಿ ಗೆಲ್ಲುತ್ತದೆ. ‘ಮರಕಡಿತ ನಡೆಸುವ ಬಗೆಯನ್ನು ನಿಯಂತ್ರಿಸಕೂಡದು’ ಎಂದು ಬರೆದರೆ ಕೌಂಟಿ ಗೆಲ್ಲುತ್ತದೆ. ಇಂಗ್ಲಿಷಿನ ಆ ಶಬ್ದ ಎರಡು ಅರ್ಥಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರಬಲ್ಲದು. ಕನ್ನಡದಲ್ಲಿ ಅನುವಾದಕ ಮೊದಲ ಸಾಲಿನಲ್ಲೇ ಒಂದು ಪಕ್ಷ ಹಿಡಿಯಲೇಬೇಕು.

ಮೇಲ್ಮನವಿ ನ್ಯಾಯಾಲಯ 2004ರಲ್ಲಿ ಮೊದಲನೆಯ ಅರ್ಥದ ಕಡೆ ವಾಲಿತು: ಇಂಥ ಕಡೆ ಕಡಿಯಬೇಡಿ ಎನ್ನುವುದೂ ಕಡಿತದ ನಿಯಂತ್ರಣವೇ ಆದ್ದರಿಂದ ಕೌಂಟಿಯ ಕಟ್ಟಳೆಗಳು ಬಿದ್ದುಹೋಗುತ್ತವೆ. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ವಲಯದ ಕಟ್ಟಳೆ ಹೇಳುತ್ತಿರುವುದು ಮರ ಕಡಿಯುವುದು ಹೇಗೆ ಎಂಬುದನ್ನಲ್ಲ, ಎಲ್ಲಿ ಎಂಬುದನ್ನು; ಶಾಸನಸಭೆ ಕೌಂಟಿಗಳಿಂದ ಕಿತ್ತುಕೊಂಡದ್ದು ‘ಹೇಗೆ’ಯನ್ನು ಮಾತ್ರ; ಆದ್ದರಿಂದ ‘ಎಲ್ಲಿ’ ಎಂಬುದು ಕೌಂಟಿಯ ಬಳಿಯೇ ಉಳಿದಿದೆ ಎಂದಿತು.

ಆ ತರ್ಕ ಬರಿಯ ಶಬ್ದಚಮತ್ಕಾರವಲ್ಲ ಎನ್ನುವುದಕ್ಕೆ ಹಿನ್ನೆಲೆಯೊಂದಿದೆ. ಮೇಲಿನ ಸರ್ಕಾರ ಒಂದು ವಿಷಯವನ್ನು ತನ್ನದೆಂದು ಮೊದಲೇ ಹಿಡಿದುಬಿಟ್ಟರೆ ಕೆಳಗಿನ ಸರ್ಕಾರ ಅಲ್ಲಿ ಕಾಲಿಡುವಂತಿಲ್ಲ. ಈ ತತ್ತ್ವವನ್ನು ಅಲ್ಲಿ ‘ಪ್ರಿಎಂಪ್ಷನ್’ ಎನ್ನುತ್ತಾರೆ. ಬಸ್ಸಿನ ಸೀಟಿಗೆ ಟವೆಲ್ ಹಾಸಿ ಜಾಗ ಹಿಡಿಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಪ್ರಶ್ನೆ ಬರುವುದು ಟವೆಲ್ ಎಷ್ಟು ಅಗಲ ಎಂಬಲ್ಲಿ. ರಾಜ್ಯದ ಸಂವಿಧಾನದ ಹನ್ನೊಂದನೆಯ ವಿಧಿಯು, ರಾಜ್ಯದ ಸಾಮಾನ್ಯ ಕಾನೂನುಗಳಿಗೆ ವಿರುದ್ಧವಾಗದ ಸ್ಥಳೀಯ ಕಟ್ಟಳೆಗಳನ್ನು ಮಾಡುವ ಅಧಿಕಾರವನ್ನು ನಗರಗಳಿಗೂ ಕೌಂಟಿಗಳಿಗೂ ನೇರವಾಗಿ ಕೊಟ್ಟಿದೆ. ಯಾವ ಜಮೀನಿನಲ್ಲಿ ಏನು ನಡೆಯಬಹುದು ಎಂದು ನಿಗದಿ ಮಾಡುವುದು ಅಲ್ಲಿ ಬಹುಕಾಲದಿಂದ ಸ್ಥಳೀಯ ಸರ್ಕಾರದ ಕೆಲಸ. ಹಾಗೆ ರೂಢಿಯಿಂದ ಬಂದ ಅಧಿಕಾರವನ್ನು ರಾಜ್ಯ ಕಿತ್ತುಕೊಂಡಿದೆ ಎನ್ನಬೇಕಾದರೆ ಅದರ ಸ್ಪಷ್ಟ ಸೂಚನೆ ಶಾಸನದಲ್ಲಿ ಕಾಣಬೇಕು. ಕಾಣದಿದ್ದರೆ ಅಧಿಕಾರ ಉಳಿದಿದೆಯೆಂದೇ ನ್ಯಾಯಾಲಯ ಭಾವಿಸಿಕೊಳ್ಳುತ್ತದೆ. ಎರಡು ಅರ್ಥ ಕೊಡುವ ಒಂದು ಶಬ್ದ ಸ್ಪಷ್ಟ ಸೂಚನೆಯಾಗಲಾರದು. ಹಾಗಾಗಿ ಸಂದೇಹದ ಲಾಭ ಕೌಂಟಿಗೆ ಸಿಕ್ಕಿತು. ವಿದ್ಯಾರ್ಥಿನಿಯಾದ ನೀವು ಗಮನಿಸಬೇಕಾದದ್ದು ಇದನ್ನೇ: ಮೊಕದ್ದಮೆಯನ್ನು ನಿರ್ಧರಿಸಿದ್ದು ಶಬ್ದದ ಅರ್ಥಕ್ಕಿಂತ ಹೆಚ್ಚಾಗಿ, ಅರ್ಥ ಅಸ್ಪಷ್ಟವಾದಾಗ ತಕ್ಕಡಿ ಯಾರ ಕಡೆ ವಾಲಿಕೊಂಡು ಶುರುವಾಗುತ್ತದೆ ಎಂಬ ನಿಯಮ.

ಪ್ರಶ್ನೆ: ‘ಎಲ್ಲಿ’ ಬೇರೆ, ‘ಹೇಗೆ’ ಬೇರೆ ಎನ್ನುವುದು ವಕೀಲರ ಮಾತಿನ ಕಸರತ್ತು. ‘ಇಲ್ಲಿ ಕಡಿಯಲೇಬೇಡ’ ಎನ್ನುವುದಕ್ಕಿಂತ ದೊಡ್ಡ ನಿಯಂತ್ರಣ ಬೇರೆ ಯಾವುದಿದೆ? ಕೊಡಲಿಯ ಅಳತೆ ಹೇಳುವ ಅಧಿಕಾರವಿಲ್ಲದವನಿಗೆ ಕೊಡಲಿಯನ್ನೇ ಕಿತ್ತುಕೊಳ್ಳುವ ಅಧಿಕಾರ ಹೇಗೆ ಬಂತು? – ಒಬ್ಬ ನಿವೃತ್ತ ಅರಣ್ಯ ನೌಕರ

ಉತ್ತರ: ಬಂದ ಪತ್ರಗಳಲ್ಲೆಲ್ಲ ಗಟ್ಟಿಯಾದ ಪ್ರಶ್ನೆ ಇದು. ಕಂಪನಿಯ ವಾದದ ತಿರುಳೂ ಇದೇ. ನಾನು ಇದಕ್ಕೆ ಪೂರ್ತಿ ಸಮಾಧಾನ ಕೊಡಬಲ್ಲೆ ಎಂಬ ಭ್ರಮೆ ನನಗಿಲ್ಲ. ಆದರೆ ನ್ಯಾಯಾಲಯದ ಉತ್ತರ ನೀವು ಭಾವಿಸಿರುವುದಕ್ಕಿಂತ ಬಲವಾದದ್ದು.

ಕಾರಣ ಇನ್ನೊಂದು ಕಾನೂನಿನಲ್ಲಿದೆ. ಕ್ಯಾಲಿಫೋರ್ನಿಯಾ ‘ನಾಟಾ ಉತ್ಪಾದನಾ ವಲಯ’ ಎಂಬ ವಿಶೇಷ ಭೂವಲಯವೊಂದನ್ನು ಮಾಡಿಕೊಂಡಿದೆ. ಅದರೊಳಗೆ ಬಂದ ಜಮೀನನ್ನು ಮರ ಬೆಳೆಸಿ ಕಡಿಯಲು ಮತ್ತು ಅದಕ್ಕೆ ಹೊಂದುವ ಕೆಲಸಗಳಿಗೆ ಮಾತ್ರ ಬಳಸಬೇಕು. ಅಲ್ಲಿ ಮರಕಡಿತವೇ ಮುಖ್ಯ ಉದ್ದೇಶವಾದ್ದರಿಂದ ವಲಯ ನಿಗದಿಯ ನೆಪದಲ್ಲಿ ಕೌಂಟಿ ಅದನ್ನು ಅಳಿಸಿಹಾಕುವಂತಿಲ್ಲ. ಅರ್ಹತೆಯಿರುವ ಜಮೀನಿನ ಒಡೆಯ ತನ್ನ ಜಮೀನನ್ನು ಆ ವಲಯಕ್ಕೆ ಸೇರಿಸಿ ಎಂದು ಅರ್ಜಿ ಹಾಕಲು ದಾರಿಯಿದೆ. ಹೀಗೆ ರಾಜ್ಯವೇ ಒಂದು ಬೇಲಿ ಹಾಕಿ, ಬೇಲಿಯೊಳಗೆ ಮರದ ಉದ್ಯಮಕ್ಕೆ ಅಭಯ ಕೊಟ್ಟಿರುವಾಗ, ಬೇಲಿಯ ಹೊರಗೂ ಅದೇ ಅಭಯವಿದೆ ಎಂದು ಓದಿದರೆ ಬೇಲಿಯ ಅರ್ಥವೇ ಹೋಗುತ್ತದೆ. ಕೊಡಲಿ ಕಿತ್ತುಕೊಂಡದ್ದು ಬೇಲಿಯ ಹೊರಗೆ. ಒಳಗೆ ಕೊಡಲಿ ಒಡೆಯನ ಕೈಯಲ್ಲೇ ಇದೆ.

ಈ ದಾರಿಯನ್ನು ಸುಪ್ರೀಂ ಕೋರ್ಟ್ ಮೊದಲು ತುಳಿದದ್ದೂ ಅಲ್ಲ. ಪಕ್ಕದ ಸ್ಯಾನ್ ಮಟೇಯೋ ಕೌಂಟಿ 1992ರಲ್ಲಿ, ಆ ವಿಶೇಷ ವಲಯದ ಹೊರಗಿನ ಗ್ರಾಮೀಣ ಜಮೀನುಗಳಲ್ಲಿ ಯಾವುದೇ ವಾಸದ ಮನೆಯಿಂದ 1,000 ಅಡಿಯೊಳಗೆ ಮಾರಾಟಕ್ಕಾಗಿ ಮರ ಕಡಿಯಬಾರದೆಂದು ಕಟ್ಟಳೆ ಮಾಡಿತ್ತು. ಅದನ್ನು ಪ್ರಶ್ನಿಸಿದ್ದೂ ಇದೇ ಕಂಪನಿ. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಕೌಂಟಿಯ ಪರ ನಿಂತು, ಇದು ಕಡಿತದ ಜಾಗವನ್ನು ಹೇಳುತ್ತದೆಯೇ ಹೊರತು ಕಡಿತದ ರೀತಿಯನ್ನಲ್ಲ ಎಂದಿತು. 2006ರ ತೀರ್ಪು ಆ ಓದನ್ನು ಸರಿಯೆಂದು ಒಪ್ಪಿಕೊಂಡು ಇಡೀ ರಾಜ್ಯದ ನಿಯಮವಾಗಿಸಿತು.

ಇಷ್ಟು ಹೇಳಿ, ನಿಮ್ಮ ಅಸಮಾಧಾನಕ್ಕೆ ನಾನೂ ಒಂದು ಉದಾಹರಣೆ ಸೇರಿಸುತ್ತೇನೆ. ಒಂದು ಹಳ್ಳದ ದಂಡೆಯಿಂದ ನೂರು ಅಡಿಯೊಳಗೆ ಮರ ಮುಟ್ಟಬಾರದು ಎಂದು ಒಂದು ಕೌಂಟಿ ಕಟ್ಟಳೆ ಮಾಡಿತೆಂದು ಇಟ್ಟುಕೊಳ್ಳಿ. ಅದು ಜಾಗದ ಮಾತೇ, ಅನುಮಾನವಿಲ್ಲ. ಆದರೆ ಒಂದೇ ಜಮೀನಿನೊಳಗೆ, ಕಡಿತಕ್ಕೆ ಒಪ್ಪಿಗೆ ಸಿಕ್ಕ ಜಾಗದೊಳಗೆ, ಹಳ್ಳಕ್ಕೆ ಎಷ್ಟು ದೂರ ಬಿಡಬೇಕೆಂಬುದು ಕಡಿತದ ರೀತಿಯ ಒಂದು ಭಾಗವೂ ಹೌದು. ರಾಜ್ಯದ ಅರಣ್ಯ ನಿಯಮಗಳು ಆ ಲೆಕ್ಕವನ್ನು ತಾವೇ ಇಟ್ಟಿವೆ: ಮೀನುಗಳಿರುವ ಹೊಳೆಗೆ, ದಂಡೆಯ ಇಳಿಜಾರು ನೋಡಿಕೊಂಡು, 75ರಿಂದ 150 ಅಡಿಯವರೆಗೆ ರಕ್ಷಣಾ ಪಟ್ಟಿ. ಅಲ್ಲಿ ಕೌಂಟಿ ತನ್ನ ಟೇಪು ಹಿಡಿದು ಬಂದರೆ ‘ಎಲ್ಲಿ’ ಮತ್ತು ‘ಹೇಗೆ’ಗಳ ನಡುವಿನ ಗೆರೆ ಮಸುಕಾಗುತ್ತದೆ. ಜಮೀನುಗಳ ನಡುವೆ ಎಳೆದಾಗ ಈ ಗೆರೆ ಚೆನ್ನಾಗಿ ಕಾಣುತ್ತದೆ, ಒಂದೇ ಜಮೀನಿನೊಳಗೆ ಎಳೆಯಲು ಹೋದರೆ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನೀವು ಕಸರತ್ತು ಎಂದದ್ದು ಎರಡನೆಯದಕ್ಕೆ ಒಪ್ಪುತ್ತದೆ.

ಪ್ರಶ್ನೆ: ಕಾಡಿನ ಪಕ್ಕದಲ್ಲೇ ಇರುವ ಸ್ಥಳೀಯ ಸರ್ಕಾರದಿಂದ ಈ ಅಧಿಕಾರವನ್ನು ರಾಜ್ಯ ಕಿತ್ತುಕೊಂಡದ್ದಾದರೂ ಏಕೆ? ಮರದ ವ್ಯಾಪಾರಿಗಳ ಒತ್ತಡವೇ?

ಉತ್ತರ: ಒತ್ತಡ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಕತೆ ಅಲ್ಲಿಂದ ಶುರುವಾಗುವುದಿಲ್ಲ. ಅದರ ಮೊದಲ ಅಧ್ಯಾಯದಲ್ಲಿ ಸೋತದ್ದು ವ್ಯಾಪಾರಿಗಳೇ.

ಕ್ಯಾಲಿಫೋರ್ನಿಯಾದ ಹಳೆಯ ಅರಣ್ಯ ಪದ್ಧತಿ ಕಾಯ್ದೆ 1945ರದ್ದು. ಆ ಕಾಯ್ದೆಯಡಿ ಕಟಾವಿನ ನಿಯಮಗಳನ್ನು ರೂಪಿಸುತ್ತಿದ್ದುದು ಆಯಾ ಅರಣ್ಯ ಪ್ರದೇಶದ ಸಮಿತಿಗಳು. ಆ ಸಮಿತಿಗಳಲ್ಲಿ ತುಂಬಿಕೊಂಡಿದ್ದವರು ಕಾಡಿನ ಒಡೆಯರು ಮತ್ತು ಮರ ಕಡಿಸುವವರು. ನಿಯಮ ಜಾರಿಯಾಗಬೇಕಾದರೆ ಆ ಪ್ರದೇಶದ ಖಾಸಗಿ ಕಾಡಿನ ಒಡೆಯರೇ ಒಪ್ಪಬೇಕಿತ್ತು. ಒಂದು ರೀತಿಯಲ್ಲಿ ಪರೀಕ್ಷೆ ಬರೆಯುವವರೇ ಪ್ರಶ್ನೆಪತ್ರಿಕೆಯನ್ನೂ ತಯಾರಿಸಿಕೊಂಡಂತೆ. ಸ್ಯಾನ್ ಮಟೇಯೋ ಕೌಂಟಿಯು ಬೇಸೈಡ್ ಟಿಂಬರ್ ಎಂಬ ಕಂಪನಿಗೆ ಅನುಮತಿ ನಿರಾಕರಿಸಿದಾಗ ಕಂಪನಿ ನ್ಯಾಯಾಲಯಕ್ಕೆ ಹೋಗಿ, ರಾಜ್ಯದ ಕಾನೂನು ಇರುವಾಗ ಕೌಂಟಿಗೆ ಇಲ್ಲಿ ಕೆಲಸವಿಲ್ಲ ಎಂದು ವಾದಿಸಿತು. 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಬುಡಸಹಿತ ಕಿತ್ತುಹಾಕಿತು: ನಿಯಮದಿಂದ ಲಾಭ ನಷ್ಟ ಅನುಭವಿಸುವ ಖಾಸಗಿಯವರ ಕೈಗೆ ಶಾಸನ ಮಾಡುವ ಅಧಿಕಾರವನ್ನೇ ಒಪ್ಪಿಸಿದ ಆ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ. ಕೌಂಟಿಯನ್ನು ಹೊಡೆಯಲು ಎತ್ತಿದ ದೊಣ್ಣೆಯೇ ಕೈಯಲ್ಲಿ ಮುರಿದುಹೋಯಿತು. ಈ ಇಡೀ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ತಿರುವು ಇದು.

ಆ ತೀರ್ಪಿನ ಬಳಿಕ ಹೊಸ ಕಾನೂನು ಬೇಕಾಯಿತು; ಬಂದದ್ದು 1973ರ ಕಾಯ್ದೆ. ನಿಯಮ ಮಾಡುವ ಅರಣ್ಯ ಮಂಡಳಿಯ ರಚನೆಯಲ್ಲೇ 1971ರ ಪಾಠ ಕಾಣುತ್ತದೆ: ಒಂಬತ್ತು ಸದಸ್ಯರಲ್ಲಿ ಐವರು ಸಾರ್ವಜನಿಕರಿಂದ, ಮೂವರು ಅರಣ್ಯ ಉತ್ಪನ್ನಗಳ ಉದ್ಯಮದಿಂದ, ಒಬ್ಬರು ಹುಲ್ಲುಗಾವಲಿನ ಜಾನುವಾರು ಸಾಕಣೆಯವರಿಂದ. ಕಟಾವಿಗೆ ಮುಂಚೆ ಪರವಾನಗಿ ಪಡೆದ ವೃತ್ತಿಪರ ಅರಣ್ಯ ತಜ್ಞನೊಬ್ಬ ಕಟಾವು ಯೋಜನೆ ಸಿದ್ಧಪಡಿಸಬೇಕು, ರಾಜ್ಯದ ಅರಣ್ಯ ಇಲಾಖೆ ಅದನ್ನು ಪರಿಶೀಲಿಸಿ ಒಪ್ಪಬೇಕು. ಅಷ್ಟೇ ಅಲ್ಲ, ಮೂಲದಲ್ಲಿ ಆ ಕಾಯ್ದೆ ಕೌಂಟಿಗಳಿಗೆ ರಾಜ್ಯದ ನಿಯಮಗಳಿಗಿಂತ ಕಟ್ಟುನಿಟ್ಟಾದ ನಿಯಮ ಮಾಡಿಕೊಳ್ಳುವ ಅವಕಾಶವನ್ನೂ ಕೊಟ್ಟಿತ್ತು. ಆಗ ಎದ್ದ ತಕರಾರು ನೀವು ಊಹಿಸಬಹುದಾದದ್ದೇ: ಬೆಟ್ಟದ ಈಚೆ ಒಂದು ಕಾನೂನು, ಆಚೆ ಇನ್ನೊಂದು; ರಾಜ್ಯದಿಂದ ಒಪ್ಪಿಗೆ ಪಡೆದ ಯೋಜನೆಗೆ ಕೌಂಟಿಯಲ್ಲಿ ಮತ್ತೊಂದು ಸಲ ಸಾಲು ನಿಲ್ಲಬೇಕು. 1982ರಲ್ಲಿ ಶಾಸನಸಭೆ ಆ ಅವಕಾಶವನ್ನು ತೆಗೆದುಹಾಕಿತು. ನಾವು ಮೇಲೆ ನೋಡಿದ ‘ಕಾಂಡಕ್ಟ್’ ಕಲಮು ಹುಟ್ಟಿದ್ದು ಆಗಲೇ.

ಆದರೆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ತನ್ನ ಪ್ರದೇಶಕ್ಕೆ ವಿಶೇಷ ನಿಯಮ ಬೇಕೆಂದು ಕೌಂಟಿ ಅರಣ್ಯ ಮಂಡಳಿಯನ್ನು ಕೇಳಬಹುದು. ಮಂಡಳಿ ಒಪ್ಪಿದರೆ ಅದು ರಾಜ್ಯದ ನಿಯಮವಾಗಿಯೇ ಜಾರಿಯಾಗುತ್ತದೆ. ಸಾಂತಾ ಕ್ರೂಜ್ ಕೌಂಟಿಗೆಂದೇ ಹೀಗೆ ಮಾಡಿದ ನಿಯಮಗಳ ಒಂದು ಕಂತೆ ರಾಜ್ಯದ ನಿಯಮಾವಳಿಯಲ್ಲಿದೆ. 1990ರ ದಶಕದ ಕೊನೆಗೂ ಕೌಂಟಿ ಹೀಗೆಯೇ ಪಟ್ಟಿ ಹಿಡಿದುಕೊಂಡು ಮಂಡಳಿಗೆ ಹೋಯಿತು. ಮಂಡಳಿ ಕೆಲವನ್ನು ಒಪ್ಪಿತು, ಕೆಲವನ್ನು ಒಪ್ಪಲಿಲ್ಲ. 1999ರ ಕಟ್ಟಳೆಗಳು ಬಂದದ್ದು ಅದರ ಬೆನ್ನಿಗೇ. ಕೇಳಿದ್ದು ಸಿಗದಿದ್ದಾಗ ಕೌಂಟಿ ತನ್ನ ಹಳೆಯ ಹತಾರಕ್ಕೆ, ಅಂದರೆ ಭೂವಲಯದ ನಕ್ಷೆಗೆ, ಕೈಹಾಕಿತು ಎಂದು ಟೀಕಿಸುವವರ ಮಾತಿನಲ್ಲಿ ಹುರುಳಿಲ್ಲದೇ ಇಲ್ಲ. ಆದರೆ ಒಂದು ಅಧಿಕಾರವನ್ನು ಯಾವ ಉದ್ದೇಶದಿಂದ ಬಳಸಿದರು ಎಂಬುದೇ ಬೇರೆ, ಆ ಅಧಿಕಾರ ಇದೆಯೇ ಎಂಬುದೇ ಬೇರೆ. ನ್ಯಾಯಾಲಯ ಕೇಳಿಕೊಂಡದ್ದು ಎರಡನೆಯ ಪ್ರಶ್ನೆಯನ್ನು.

ಪ್ರಶ್ನೆ: ಜಮೀನು ನನ್ನದು, ಮರ ನನ್ನದು. ಕಡಿಯಬೇಡ ಎಂದ ಮೇಲೆ ತೆರಿಗೆ ಏಕೆ ಕಟ್ಟಬೇಕು? ಅಲ್ಲಿಯ ಒಡೆಯರು ಇದನ್ನು ಕೇಳಲಿಲ್ಲವೇ? – ಒಬ್ಬ ಕೃಷಿಕ

ಉತ್ತರ: ಪರಿಹಾರ ಕೊಡಬೇಕೇ ಎಂಬುದು ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆಯಲ್ಲ, ಅಲ್ಲಿದ್ದದ್ದು ಅಧಿಕಾರ ಯಾರದು ಎಂಬುದು ಮಾತ್ರ. ಆದರೆ ತೆರಿಗೆಯ ವಿಷಯ ನೀವು ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಆ ವಿಶೇಷ ವಲಯ ಹುಟ್ಟಿದ್ದೇ ತೆರಿಗೆಯಿಂದ.

ಮೊದಲು ಅಲ್ಲಿ ನಿಂತ ಮರದ ಬೆಲೆಯ ಮೇಲೂ ವರ್ಷವರ್ಷ ಆಸ್ತಿ ತೆರಿಗೆ ಬೀಳುತ್ತಿತ್ತು. ಮರ ದಪ್ಪವಾದಷ್ಟೂ ತೆರಿಗೆ ಏರುತ್ತದೆ, ಆದಾಯ ಮಾತ್ರ ಕಡಿದ ದಿನವೇ. ಸಾಲದ್ದಕ್ಕೆ, 1926ರ ಸಂವಿಧಾನ ತಿದ್ದುಪಡಿಯೊಂದು ಎಳೆಯ ಕಾಡಿಗೆ ವಿನಾಯಿತಿ ಕೊಟ್ಟಿತು. ಹಾಗೆ ಎಳೆಯ ಕಾಡು ಎನ್ನಿಸಿಕೊಳ್ಳಲು 16 ಇಂಚಿಗಿಂತ ದಪ್ಪದ ಮೂಲ ಮರಗಳಲ್ಲಿ 70 ಶೇಕಡಾ ತೆಗೆದಿರಬೇಕು ಎಂಬುದು ಷರತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕಾನೂನು, ಹತ್ತರಲ್ಲಿ ಏಳು ದೊಡ್ಡ ಮರ ಉರುಳಿಸಿ ಬಂದರೆ ತೆರಿಗೆ ಮಾಫಿ ಎಂದು ಒಡೆಯನ ಕಿವಿಯಲ್ಲಿ ಹೇಳುತ್ತಿತ್ತು. 1976ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು. ಅಲ್ಲಿಂದ ಮುಂದೆ ಮರಕ್ಕೆ ತೆರಿಗೆ ಕಡಿದಾಗ ಮಾತ್ರ. ಅದರ ದರ 2.9 ಶೇಕಡಾ. ವಿಶೇಷ ವಲಯದೊಳಗಿನ ನೆಲಕ್ಕೆ ಮನೆ ನಿವೇಶನದ ಬೆಲೆ ಹಿಡಿಯದೆ ಮರ ಬೆಳೆಯುವ ನೆಲದ ಬೆಲೆಯನ್ನಷ್ಟೇ ಹಿಡಿಯುತ್ತಾರೆ. ಪ್ರತಿಯಾಗಿ ಒಡೆಯ ಹತ್ತು ವರ್ಷ ಕಟ್ಟುಬೀಳಬೇಕು, ಆ ಹತ್ತು ವರ್ಷ ಪ್ರತಿ ವರ್ಷವೂ ತಾನಾಗಿಯೇ ನವೀಕರಣಗೊಳ್ಳುತ್ತದೆ. ಕಡಿಯುವ ಅಭಯ ಬೇಕೇ, ನಿವೇಶನದ ಆಸೆ ಬಿಡಿ. ನಿವೇಶನದ ಆಸೆ ಇದೆಯೇ, ಅಭಯ ಕೇಳಬೇಡಿ. ಎರಡನ್ನೂ ಕೈಯಲ್ಲಿಟ್ಟುಕೊಳ್ಳಲು ಬಯಸಿದ ಒಡೆಯರಿಗೇ 1999ರ ಕಟ್ಟಳೆ ಹೆಚ್ಚು ಬಿಸಿ ತಾಗಿಸಿತು.

ಪ್ರಶ್ನೆ: ಹೆಲಿಕಾಪ್ಟರಿನಲ್ಲಿ ಮರ ಸಾಗಿಸುವುದು ನಿಜವೇ? ಅದು ‘ಹೇಗೆ’ಯ ವಿಷಯವಲ್ಲದೆ ‘ಎಲ್ಲಿ’ಯ ವಿಷಯ ಹೇಗಾದೀತು?

ಉತ್ತರ: ನಿಜ. ಲಾರಿಯ ದಾರಿ ಕೊರೆದರೆ ಗುಡ್ಡವೇ ಜಾರಿ ಹಳ್ಳಕ್ಕೆ ಬೀಳುವಂಥ ಕಡಿದಾದ ಇಳಿಜಾರುಗಳಲ್ಲಿ ಹೀಗೆ ಮಾಡುತ್ತಾರೆ. ಹೆಲಿಕಾಪ್ಟರು ಮರಗಳ ತುದಿಗಿಂತ ಮೇಲೆ ನಿಂತು ಉದ್ದನೆಯ ಹಗ್ಗ ಇಳಿಬಿಡುತ್ತದೆ. ಕೆಳಗಿರುವವನು ದಿಮ್ಮಿಗೆ ಸುತ್ತಿದ ಉಕ್ಕಿನ ಕುಣಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ ದೂರ ಓಡುತ್ತಾನೆ. ದಿಮ್ಮಿ ಮೇಲೆದ್ದು, ತೂಗಾಡುತ್ತ ಹೋಗಿ, ಬಯಲಾದ ಒಂದು ತಾಣದಲ್ಲಿ ಇಳಿಯುತ್ತದೆ. ಕೆಲವು ನಿಮಿಷಗಳಲ್ಲಿ ಅದೇ ಸದ್ದು ಮತ್ತೆ ಕಣಿವೆಯೊಳಗೆ ಬರುತ್ತದೆ, ದಿನವಿಡೀ. ಮಣ್ಣಿನ ದೃಷ್ಟಿಯಿಂದ ನೋಡಿದರೆ ಇದು ಸೌಮ್ಯವಾದ ವಿಧಾನ, ಕಿವಿಯ ದೃಷ್ಟಿಯಿಂದ ನೋಡಿದರೆ ಭಯಂಕರ. ಹೊಳೆಯ ಮೀನಿಗೆ ಒಳ್ಳೆಯದಾದದ್ದು ದಂಡೆಯ ಮೇಲಿನ ಮನೆಗೆ ಒಳ್ಳೆಯದಾಗುವುದಿಲ್ಲ.

ಕಟ್ಟಳೆ ಹೆಲಿಕಾಪ್ಟರನ್ನು ನಿಷೇಧಿಸಿರಲಿಲ್ಲ, ಹಾರುವ ಎತ್ತರವನ್ನೂ ಹೇಳಿರಲಿಲ್ಲ. ಆ ಕಾರ್ಯಾಚರಣೆಗೆ ಯಾವ ಜಮೀನುಗಳನ್ನು ಬಳಸಬಹುದು ಎಂದಷ್ಟೇ ಹೇಳಿತ್ತು. ಆದ್ದರಿಂದ ಇದೂ ಜಾಗದ ನಿಯಮವೇ ಎಂದು ನ್ಯಾಯಾಲಯ ಉಳಿಸಿಕೊಂಡಿತು. ವಲಯದ ಕಟ್ಟಳೆಯ ವಿಷಯದಲ್ಲಿ ನ್ಯಾಯಾಲಯದ ಮಾತಿಗೆ ನಾನು ಸುಲಭವಾಗಿ ತಲೆದೂಗುತ್ತೇನೆ. ಇಲ್ಲಿ ಸ್ವಲ್ಪ ತಡೆಯುತ್ತೇನೆ. ಇಳಿಯುವ ತಾಣ ಸಿಗದ ಹೆಲಿಕಾಪ್ಟರು ಹಾರುವುದಿಲ್ಲ. ಹೆಲಿಕಾಪ್ಟರು ಇಲ್ಲದೆ ಕಡಿಯಲಾಗದ ಇಳಿಜಾರಿನ ಒಡೆಯನಿಗೆ ಜಾಗದ ನಿಯಮವೇ ವಿಧಾನದ ನಿಯಮವಾಗಿ ಬಂದು ತಟ್ಟುತ್ತದೆ. ಕಟ್ಟಳೆಯ ಒಕ್ಕಣೆ ಜಾಗದ ಬಗ್ಗೆ ಇದ್ದರೆ ಸಾಕು, ಪರಿಣಾಮ ವಿಧಾನದ ಮೇಲಾದರೂ ಚಿಂತೆಯಿಲ್ಲ ಎಂಬಲ್ಲಿಗೆ ಈ ತರ್ಕ ಹೋಗಿ ನಿಲ್ಲುತ್ತದೆ.

ಪ್ರಶ್ನೆ: ಕೌಂಟಿ ‘ಹೇಗೆ’ಯನ್ನು ಹೇಳುವಂತಿಲ್ಲ ಎಂದರೆ, ‘ಹೇಗೆ’ಯನ್ನು ನೋಡಿಕೊಳ್ಳುವವರು ಯಾರು? ಕಾಗದದ ಮೇಲಿನ ಯೋಜನೆಯನ್ನು ಕಾಡಿನಲ್ಲಿ ಯಾರು ತಾಳೆ ಹಾಕುತ್ತಾರೆ?

ಉತ್ತರ: ರಾಜ್ಯದ ಅರಣ್ಯ ಇಲಾಖೆಯ ಪರಿವೀಕ್ಷಕರು. ಸಾಂತಾ ಕ್ರೂಜ್ ಮತ್ತು ಸುತ್ತಲಿನ ಕೌಂಟಿಗಳಿರುವ ದಕ್ಷಿಣ ಉಪವಿಭಾಗದಲ್ಲಿ ರಾಜ್ಯದ ನಿಯಮಗಳು ಉಳಿದೆಡೆಗಿಂತ ಬಿಗಿ. ಗುಡ್ಡವನ್ನೇ ಬೋಳಿಸುವ ಕಟಾವಿಗೆ ಅಲ್ಲಿ ಅವಕಾಶವಿಲ್ಲ, ಆಯ್ದ ಮರಗಳನ್ನಷ್ಟೇ ತೆಗೆಯಬೇಕು. ಕಡಿಯಬೇಕಾದ ಮರಕ್ಕೆ ಅರಣ್ಯ ತಜ್ಞ, ಇಲ್ಲವೇ ಅವನ ಮೇಲ್ವಿಚಾರಣೆಯಲ್ಲಿ ಇನ್ನೊಬ್ಬರು, ಮೊದಲೇ ಬಣ್ಣ ಬಳಿದಿರುತ್ತಾರೆ. ಒಂದು ಗುರುತು ಕಣ್ಣಿನ ಎತ್ತರದಲ್ಲಿ, ಇನ್ನೊಂದು ಕಡಿಯುವ ಗೆರೆಗಿಂತ ಕೆಳಗೆ, ಬುಡದಲ್ಲಿ. ಮರ ದಿಮ್ಮಿಯಾಗಿ ಹೋದಮೇಲೂ ಆ ಕೆಳಗಿನ ಗುರುತು ಕೂಳೆಯಲ್ಲೇ ಉಳಿಯುತ್ತದೆ. ಪರಿವೀಕ್ಷಕ ಬಂದಾಗ ಬಣ್ಣವಿಲ್ಲದ ಕೂಳೆ ಸಿಕ್ಕಿತೋ, ಆ ಮರ ಕಡಿಯಬಾರದ ಮರವಾಗಿತ್ತು.

ಪ್ರಶ್ನೆ: 2006ರ ತೀರ್ಪು ಇಂದಿಗೂ ಊರ್ಜಿತವೇ? ಈ ದಾರಿ ಹಿಡಿದು ಸ್ಥಳೀಯ ಸರ್ಕಾರಗಳು ಯಾವುದನ್ನು ಬೇಕಾದರೂ ತಡೆಯಬಹುದೇ?

ಉತ್ತರ: ಊರ್ಜಿತ. ಆದರೆ ಯಾವುದನ್ನು ಬೇಕಾದರೂ ತಡೆಯಲಾಗದು, ಅದಕ್ಕೆ ಎರಡು ಉದಾಹರಣೆ ಸಾಕು.

2013ರಲ್ಲಿ ರಿವರ್‌ಸೈಡ್ ನಗರವು ತನ್ನ ಎಲ್ಲೆಯೊಳಗೆ ವೈದ್ಯಕೀಯ ಗಾಂಜಾ ಮಾರುವ ಕೇಂದ್ರಗಳನ್ನು ಪೂರ್ತಿಯಾಗಿ ನಿಷೇಧಿಸಿದ್ದು ಅದೇ ಸುಪ್ರೀಂ ಕೋರ್ಟಿನ ಮುಂದೆ ಬಂತು. ರಾಜ್ಯದ ಕಾನೂನು ರೋಗಿಗಳಿಗೆ ಕೆಲವು ಶಿಕ್ಷೆಗಳಿಂದ ವಿನಾಯಿತಿ ಕೊಟ್ಟಿದೆಯೇ ಹೊರತು ಪ್ರತಿ ಊರಿನಲ್ಲೂ ಅಂಗಡಿಗೆ ಜಾಗ ಕೊಡಬೇಕೆಂದು ಹೇಳಿಲ್ಲ ಎಂದು ನ್ಯಾಯಾಲಯ ಒಮ್ಮತದಿಂದ ನಿಷೇಧವನ್ನು ಎತ್ತಿಹಿಡಿಯಿತು. ಭೂಬಳಕೆಯ ಅಧಿಕಾರ ಸ್ಥಳೀಯರದ್ದೇ ಎಂಬ ಭಾವನೆಯಿಂದ ಶುರು ಮಾಡಬೇಕೆನ್ನಲು ಅದು ಉಲ್ಲೇಖಿಸಿದ ತೀರ್ಪುಗಳಲ್ಲಿ ನಮ್ಮ ಮರದ ಮೊಕದ್ದಮೆಯೂ ಒಂದು.

ಹತ್ತು ವರ್ಷದ ನಂತರ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಸಾಂತಾ ಕ್ರೂಜ್‌ಗೆ ದಕ್ಷಿಣದಲ್ಲಿ ತಾಗಿಕೊಂಡೇ ಇರುವ ಮಾಂಟರೇ ಕೌಂಟಿಯ ಮತದಾರರು 2016ರಲ್ಲಿ ‘ಮೆಷರ್ ಜ಼ೆಡ್’ ಎಂಬ ಪ್ರಸ್ತಾವವನ್ನು ಅಂಗೀಕರಿಸಿದ್ದರು. ತೈಲಬಾವಿಯ ತ್ಯಾಜ್ಯ ನೀರನ್ನು ನೆಲದೊಳಕ್ಕೆ ತುಂಬುವುದನ್ನೂ ಹೊಸ ಬಾವಿ ಕೊರೆಯುವುದನ್ನೂ ಅದು ಕೌಂಟಿಯುದ್ದಕ್ಕೂ ನಿಷೇಧಿಸುತ್ತಿತ್ತು. ಶೆವ್ರಾನ್ ಕಂಪನಿ ಹೂಡಿದ ದಾವೆಯಲ್ಲಿ ಇದು ಭೂಬಳಕೆಯ ನಿಯಮ, ‘ಎಲ್ಲಿ’ಯ ನಿಯಮ ಎಂಬ ಸಮರ್ಥನೆ ಕೇಳಿಬಂತು. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತೈಲ ತೆಗೆಯಲು ಯಾವ ವಿಧಾನ ಬಳಸಬಹುದೆಂದು ತೀರ್ಮಾನಿಸುವ ಅಧಿಕಾರವನ್ನು ರಾಜ್ಯದ ಕಾನೂನು ರಾಜ್ಯದ ತೈಲ ಮೇಲ್ವಿಚಾರಕರಿಗೆ ಸ್ಪಷ್ಟ ಮಾತುಗಳಲ್ಲಿ ಕೊಟ್ಟಿರುವಾಗ, ಅದೇ ವಿಧಾನವನ್ನು ಕೌಂಟಿ ನಿಷೇಧಿಸುವುದು ನೇರ ವಿರೋಧವಾಗುತ್ತದೆ, ಭೂಬಳಕೆ ಎಂಬ ಹಣೆಪಟ್ಟಿ ಹಚ್ಚಿದ ಮಾತ್ರಕ್ಕೆ ಅದು ಉಳಿಯುವುದಿಲ್ಲ ಎಂದಿತು.

ಮೂರನ್ನೂ ಒಟ್ಟಿಗಿಟ್ಟು ಓದಿದರೆ ಮೊದಲ ಪತ್ರ ಬರೆದ ವಿದ್ಯಾರ್ಥಿನಿಗೆ ಒಂದು ವಿಷಯ ತಾನಾಗಿಯೇ ಕಾಣುತ್ತದೆ. ಮರದ ಕಾಯ್ದೆಯಲ್ಲಿ ರಾಜ್ಯ ತನಗಾಗಿ ಇಟ್ಟುಕೊಂಡದ್ದು ಎರಡರ್ಥದ ಒಂದು ಶಬ್ದ; ತೈಲದ ಕಾಯ್ದೆಯಲ್ಲಿ ವಿಧಾನವನ್ನು ಹೆಸರಿಸಿಯೇ ಹೇಳಿತ್ತು. ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಮರದ ವಿಷಯದಲ್ಲಿ ಕೌಂಟಿಗಳ ಕೈ ಪೂರ್ತಿ ಕಟ್ಟಬೇಕೆಂದಿದ್ದರೆ, ‘ಕಾಂಡಕ್ಟ್’ ಎಂಬಲ್ಲಿ ‘ಕಾಂಡಕ್ಟ್ ಮತ್ತು ಸ್ಥಳ’ ಎಂದು ತಿದ್ದಿದರೆ ಆಗುತ್ತಿತ್ತು.